ಬಾಲ ನೋಡುವವರೆಗೆ

ಲಿವರಿನ ಹಿಡಿಗೆ ಬಟ್ಟೆ ಸುತ್ತಿ, ಒಂದು ಕಾಲನ್ನು ಕಬ್ಬಿಣದ ಚೌಕಟ್ಟಿಗೆ ಊರಿ, ಅವಳು ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟಳು. ನೆಲದ ಕೆಳಗೆ ತಂತಿ ಕಿರುಗುಟ್ಟಿತು. ಅರ್ಧ ಮೈಲಿ ಆಚೆ ಸಿಗ್ನಲ್ ಕೈಮರದ ಕೆಂಪು ತೋಳು ಒಂದು ಗಳಿಗೆ ಮೀನಮೇಷ ಎಣಿಸಿ, ಆಮೇಲೆ ಮನಸ್ಸು ಮಾಡಿ ಕೆಳಗಿಳಿಯಿತು. ಬೆಳಗಿನ ಗೂಡ್ಸಿಗೆ ದಾರಿಯಾಯಿತು. ಅಷ್ಟರಲ್ಲಿ ಮೂಲೆಯ ಫೋನು ಹೊಡೆದುಕೊಂಡಿತು.

ಕಂಟ್ರೋಲಿನವರು. ಒಂಬತ್ತಕ್ಕೆ ಬಂದು ಅವಳನ್ನು ಬಿಡಿಸಬೇಕಾಗಿದ್ದವನಿಗೆ ಜ್ವರವಂತೆ, ಹಾಸಿಗೆಯಿಂದ ಏಳಲಾಗುತ್ತಿಲ್ಲವಂತೆ. ಎರಡು ಗಂಟೆಯವರೆಗೆ ಅವಳೇ ನೋಡಿಕೊಳ್ಳಬೇಕು.

"ಸಾರ್, ಇವತ್ತು ದೊಡ್ಡಣ್ಣನ ಮಣ್ಣು," ಎಂದಳು. "ನಾನು ಹೋಗ್ಲೇಬೇಕು."

"ಗೊತ್ತಮ್ಮ. ಇಲ್ಲಿ ಮೂವತ್ತು ಜನ ಕಂಪ್ಯೂಟರ್ ಮುಂದೆ ಕೂತಿದೀವಿ. ಒಬ್ಬರಿಗಾದ್ರೂ ನಿನ್ನ ಲಿವರ್ ಎಳೆಯೋಕೆ ಬರುತ್ತಾ, ನೀನೇ ಹೇಳು."

ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಈ ಕಡೆಯ ಸ್ಟೇಷನ್ನಿನಲ್ಲೂ ಆ ಕಡೆಯ ಸ್ಟೇಷನ್ನಿನಲ್ಲೂ ಬಣ್ಣದ ದೀಪಗಳು ಬಂದು ಎಷ್ಟೋ ಕಾಲವಾಗಿತ್ತು. ಅಲ್ಲಿ ಬೆರಳ ತುದಿಯಲ್ಲಿ ಒತ್ತಿದರೆ ಕೆಲಸ ಮುಗಿಯಿತು. ನಡುವಿನ ಈ ಒಂದು ತುಂಡು ದಾರಿಗೆ ಮಾತ್ರ ಹನ್ನೆರಡು ಲಿವರು, ಮೈಲುಗಟ್ಟಲೆ ತಂತಿ, ಕಂಬದ ಮೇಲೆ ಮರದ ತೋಳು. ಬರುವ ವರ್ಷ ಖಂಡಿತ ತೆಗೆಯುತ್ತೇವೆಂದು ಸಾಹೇಬರು ಪ್ರತಿ ವರ್ಷ ಹೇಳುತ್ತಿದ್ದರು. ಹೊಸ ರೈಲುಗಳು ಚೂಪು ಮೂಗು, ತಾನಾಗಿ ಮುಚ್ಚುವ ಬಾಗಿಲು ಅಂತೆಲ್ಲ ಎಷ್ಟೇ ಬೀಗಿದರೂ ಇಲ್ಲಿಗೆ ಬಂದಾಗ ಆ ಮರದ ತೋಳಿನ ಅಪ್ಪಣೆಗೆ ಕಾಯಲೇಬೇಕಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇವತ್ತು ಆಗಲಿಲ್ಲ.

ದೊಡ್ಡಣ್ಣ ಮೂವತ್ತೆಂಟು ವರ್ಷ ಇದೇ ಕ್ಯಾಬಿನ್ನಿನಲ್ಲಿ ಲಿವರ್ ಎಳೆದವರು. ನಿವೃತ್ತರಾಗಿ ಹನ್ನೊಂದು ವರ್ಷವಾಗಿತ್ತು. ನಿನ್ನೆ ಮಧ್ಯಾಹ್ನ ಮನೆಯ ಮುಂದಿನ ಕುರ್ಚಿಯಲ್ಲಿ ಕೂತವರು, ಹೆಂಡತಿ ಚಹಾ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಊರು ಹಳಿಯ ಈಚೆ, ಸ್ಮಶಾನ ಹಳಿಯ ಆಚೆ. ಅಲ್ಲಿಗೆ ಹೋಗಲು ಇರುವ ದಾರಿ ಒಂದೇ, ಅವಳ ಕ್ಯಾಬಿನ್ನಿನ ಬುಡದಲ್ಲಿರುವ ಗೇಟು.

ಹತ್ತು ಗಂಟೆಗೆ ಗಾರ್ಡಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ದೊಡ್ಡಣ್ಣನ ಜೀವದ ಗೆಳೆಯ. ಮೂವತ್ತು ವರ್ಷ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಬಂದ ಗಾರ್ಡು. ಆ ಅಭ್ಯಾಸಕ್ಕೆ ಬಿದ್ದು, ಯಾವ ಗುಂಪಿನಲ್ಲಿ ನಡೆದರೂ ಎಲ್ಲರಿಗಿಂತ ಹಿಂದೆಯೇ ನಡೆಯುವರು. ಮದುವೆ ಊಟಕ್ಕೂ ಕೊನೆಯ ಪಂಕ್ತಿಗೇ ಕೂತು, ಪಾಯಸ ಖಾಲಿಯಾಯಿತೆಂದು ಗೊಣಗುವರು.

"ಹತ್ತೂವರೆಗೆ ಎತ್ತುತೀವಿ. ಹತ್ತು ಐವತ್ತಕ್ಕೆ ಗೇಟಲ್ಲಿರ್ತೀವಿ," ಎಂದರು. "ನೀನು ಬರಲ್ವೇನಮ್ಮ?"

ಅವಳು ಕಾರಣ ಹೇಳಿದಳು. ಹನ್ನೊಂದು ಐದರವರೆಗೆ ಗೇಟು ತೆಗೆದೇ ಇರುತ್ತದೆ, ಆಮೇಲೆ ಪ್ಯಾಸೆಂಜರ್ ಬರುತ್ತದೆ, ಅಷ್ಟರೊಳಗೆ ದಾಟಿಬಿಡಿ ಎಂದಳು. ಅತ್ತಿಗೆಗೆ ತನ್ನ ಪರವಾಗಿ ಒಂದು ಮಾತು ಹೇಳಬೇಕೆಂದಳು. ದೊಡ್ಡಣ್ಣನ ಹೆಂಡತಿಯನ್ನು ಇಬ್ಬರೂ ಅತ್ತಿಗೆ ಎಂದೇ ಕರೆಯುತ್ತಿದ್ದರು.

"ಹೇಳ್ತೀನಿ. ಆದ್ರೆ ಜನದ ಬಾಯಿಗೆ ನಾನು ಬೀಗ ಹಾಕೋಕಾಗಲ್ಲ," ಎಂದು ಗಾರ್ಡಪ್ಪ ಇಳಿದುಹೋದರು.

ಅವಳನ್ನು ಕೊರೆಯುತ್ತಿದ್ದುದು ಅದಲ್ಲ. ಕೆಲಸ ಕಲಿಸಿ ಅನ್ನಕ್ಕೆ ದಾರಿ ಮಾಡಿಕೊಟ್ಟವನ ಮುಖ ನೋಡಲೂ ಬರಲಿಲ್ಲವಲ್ಲ ಎಂದು ನಾಲ್ಕು ಜನ ಅಂದರೆ, ಅನ್ನಲಿ. ಆದರೆ ದೊಡ್ಡಣ್ಣನಿಗೆ ಹೇಳಲೇಬೇಕಾದ ಒಂದು ಮಾತು ಹದಿನಾಲ್ಕು ವರ್ಷದಿಂದ ಅವಳಲ್ಲೇ ಉಳಿದಿತ್ತು. ಹೇಳಲು ಇವತ್ತು ಬಿಟ್ಟರೆ ಇನ್ನೊಂದು ದಿನವಿರಲಿಲ್ಲ.

* * *

ಮೊದಲ ದಿನ ಅವಳು ಬರಿಗೈಯಲ್ಲಿ ಲಿವರ್ ಹಿಡಿದದ್ದನ್ನು ಕಂಡು ದೊಡ್ಡಣ್ಣ ಬೆಂಚಿನಿಂದ ಎದ್ದೇಬಿಟ್ಟಿದ್ದರು. ಬೈಯಲಿಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು, ಅವಳ ಬೆರಳಚ್ಚು ಬಿದ್ದ ಹಿಡಿಯನ್ನು ಕನ್ನಡಿ ಒರೆಸುವ ಹಾಗೆ ಒರೆಸಿದರು. ಬೆವರು ತಾಗಿದರೆ ಉಕ್ಕು ತುಕ್ಕು ಹಿಡಿಯುತ್ತದೆ. ಅದಕ್ಕೇ ಈ ಕೆಲಸದವರು ಬಟ್ಟೆಯಿಲ್ಲದೆ ಲಿವರ್ ಮುಟ್ಟುವುದಿಲ್ಲ. ಅವಳಿಗಿಂತ ಎಷ್ಟೋ ಮೊದಲೇ ಹುಟ್ಟಿದ ಆ ಹನ್ನೆರಡು ಹಿಡಿಗಳು ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿದ್ದವು.

"ಇದನ್ನ ನನಗೆ ಹೀಗೇ ಕೊಟ್ಟು ಹೋದ್ರು," ಎಂದರು. "ನೀನೂ ಹೀಗೇ ಕೊಟ್ಟು ಹೋಗ್ಬೇಕು."

ಬಟ್ಟೆ ಬರುತ್ತಿದ್ದುದು ಅತ್ತಿಗೆಯಿಂದ. ಗಂಡನ ಹಳೆಯ ಅಂಗಿಗಳನ್ನು ಚೌಕವಾಗಿ ಕತ್ತರಿಸಿ, ಅಂಚು ಹೊಲಿದು ಕಳಿಸುತ್ತಿದ್ದರು. ನಿವೃತ್ತಿಯಾದ ಮೇಲೂ ತಿಂಗಳಿಗೆ ಎರಡು ತಪ್ಪಲಿಲ್ಲ. ದೊಡ್ಡಣ್ಣನೇ ತಂದು, ಲಿವರುಗಳ ಮೇಲೆ ಒಂದು ಕಣ್ಣಾಡಿಸಿ, ಇಳಿಯುತ್ತಿದ್ದರು. ಒಮ್ಮೊಮ್ಮೆ ಬಟ್ಟೆಯಲ್ಲಿ ಗುಂಡಿಯ ತೂತು ಹಾಗೇ ಉಳಿದಿರುತ್ತಿತ್ತು.

ಗೇಟಿನಲ್ಲಿ ಕಾಯುವವರ ಬಗ್ಗೆಯೂ ಅವರಿಗೆ ಬಹಳ ಕಾಳಜಿ. ಕಿಟಕಿಯಿಂದ ಕತ್ತು ಹೊರಹಾಕಿ "ಎರಡೇ ನಿಮಿಷ" ಎಂದರೆ ಎರಡೇ ನಿಮಿಷ. "ಹನ್ನೆರಡು ನಿಮಿಷ, ಹೋಗಿ ಚಹಾ ಕುಡ್ಕೊಂಡು ಬನ್ನಿ" ಎಂದರೆ ಜನ ಸೈಕಲ್ಲು ಒರಗಿಸಿ ಹೋಗಿ ಕುಡಿದು ಬರುತ್ತಿದ್ದರು. ಕಾಯಿಸುವುದು ತಪ್ಪಲ್ಲ, ಎಷ್ಟು ಹೊತ್ತೆಂದು ಹೇಳದೆ ಕಾಯಿಸುವುದು ತಪ್ಪು ಎನ್ನುತ್ತಿದ್ದರು.

* * *

ಹತ್ತು ಐವತ್ತಾಯಿತು. ಹನ್ನೊಂದೂ ಆಯಿತು. ರಸ್ತೆ ಬಿಕೋ ಎನ್ನುತ್ತಿತ್ತು. ಅವಳು ಗಡಿಯಾರಕ್ಕೂ ಕಿಟಕಿಗೂ ನಡುವೆ ಶತಪಥ ಹಾಕಿದಳು.

ಹನ್ನೊಂದು ನಾಲ್ಕಕ್ಕೆ ಬೇಕರಿಯ ತಿರುವಿನಲ್ಲಿ ಶವದ ಪೆಟ್ಟಿಗೆ ಕಾಣಿಸಿತು. ತಡವೇಕೆಂದು ಕೇಳಬೇಕಾಗಿರಲಿಲ್ಲ. ಮನೆಯವರು, ನೆರೆಯವರು ಸೇರಿ ಮೂವತ್ತು ಜನ ಬಂದಾರು ಎಂದುಕೊಂಡಿದ್ದಳು. ತಿರುವಿನಿಂದ ಜನ ಬರುತ್ತಲೇ ಇದ್ದರು. ಸಮವಸ್ತ್ರದಲ್ಲೇ ಬಂದ ಡ್ರೈವರುಗಳು, ಹಾಲಿನವನು, ಅಂಚೆಯವಳು, ಶಾಲೆಯ ಟೀಚರುಗಳು, ಸೈಕಲ್ ರಿಪೇರಿಯವನು. ಒಂದಲ್ಲ ಒಂದು ದಿನ ಈ ಗೇಟಿನಲ್ಲಿ ಕಾದವರೇ ಎಲ್ಲರೂ.

ಗೇಟಿಗೆ ಇನ್ನೂ ಇನ್ನೂರು ಹೆಜ್ಜೆ ಇತ್ತು. ಆಗ ಗಂಟೆ ಹೊಡೆಯಿತು.

ಹಿಂದಿನ ಸ್ಟೇಷನ್ನಿನವರು ಕೇಳುತ್ತಿದ್ದರು: ಪ್ಯಾಸೆಂಜರ್ ಕಳಿಸಲೇ? ಅವಳು ತಿರುಗಿ ಗಂಟೆ ಕೊಟ್ಟರೆ ರೈಲು ಹೊರಡುತ್ತದೆ. ಗೇಟು ಹಾಕಿ ಕೈಮರ ಇಳಿಸಬೇಕು. ಒಮ್ಮೆ ಇಳಿಸಿದರೆ ಗೇಟಿನ ಚಕ್ರಕ್ಕೆ ಬೀಗ ಬೀಳುತ್ತದೆ, ಅವಳು ಜಪ್ಪಯ್ಯ ಎಂದರೂ ತಿರುಗದು. ಉತ್ತರ ಕೊಡದಿದ್ದರೆ ರೈಲು ಅಲ್ಲೇ ನಿಲ್ಲುತ್ತದೆ, ಅಷ್ಟೇ. ಐದಾರು ನಿಮಿಷ. ಯಾರೂ ಕೇಳುವುದಿಲ್ಲ. ಕೇಳಿದರೂ ಸಾವಿನ ವಿಷಯ, ಯಾರು ಬಾಯಿ ತೆಗೆಯುತ್ತಾರೆ?

ಅವಳ ಬೆರಳು ಗಂಟೆಯ ಗುಂಡಿಯ ಮೇಲೆ ನಿಂತುಬಿಟ್ಟಿತು.

* * *

ಅವಳು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು. ಮಂಜು ಮುಸುಕಿದ ಬೆಳಗ್ಗೆ. ಹೊರಗಿನ ಕೈಮರದ ಬಳಿ ಒಂದು ಒಂಟಿ ಇಂಜಿನ್ನು ಬಂದು ನಿಂತಿತ್ತು. ಹಾಗೆ ಹಳಿಯ ಮೇಲೆ ಏನಾದರೂ ನಿಂತಾಗ, ಆ ದಾರಿಯ ಲಿವರಿಗೆ ಒಂದು ಕಬ್ಬಿಣದ ಬಳೆ ತೊಡಿಸಬೇಕು. ಕಣ್ಣಿಗೆ ಕಾಣದ್ದು ಕೈಗೆ ನೆನಪಿರಲಿ ಎಂದು. ಅವಳು ತೊಡಿಸಿರಲಿಲ್ಲ. ಮಂಜಿನಲ್ಲಿ ಇಂಜಿನ್ನು ಕಾಣುತ್ತಿರಲಿಲ್ಲ, ಮನಸ್ಸಿನಿಂದಲೂ ಜಾರಿಹೋಯಿತು. ಗಂಟೆ ಹೊಡೆದಾಗ, ರೈಲು ಕಳಿಸಿ ಎನ್ನಲು ಅವಳ ಬೆರಳು ಗುಂಡಿಯ ಮೇಲೆ ಹೋಯಿತು.

ದೊಡ್ಡಣ್ಣ ಬೆಂಚಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ದನಿ ಎತ್ತಲಿಲ್ಲ.

"ಬಳೆ ಎಲ್ಲಮ್ಮ?"

ಬಳೆ ಮೊಳೆಯಲ್ಲಿ ತೂಗುತ್ತಿತ್ತು. ಜನ ತುಂಬಿದ ರೈಲನ್ನು ನಿಂತ ಇಂಜಿನ್ನಿನ ಬೆನ್ನಿಗೆ ಕಳಿಸಲು ಒಂದು ಬೆರಳಿನಷ್ಟೇ ಬಾಕಿಯಿತ್ತು. ದೊಡ್ಡಣ್ಣ ಬಳೆ ತೊಡಿಸಿದರು, ಅವಳನ್ನು ಕೂರಿಸಿದರು, ಅರ್ಧ ಕಿತ್ತಳೆ ಕೈಗಿಟ್ಟರು. ಆಮೇಲೆ ಕ್ಯಾಬಿನ್ನಿನ ದಾಖಲೆ ಪುಸ್ತಕವನ್ನೂ ಕೈಗಿಟ್ಟರು.

"ಬರಿ. ಏನು ಮರೆತೆ, ಯಾರು ನೆನಪಿಸಿದ್ರು. ಒಂದಕ್ಷರ ಬಿಡಬೇಡ. ಬಚ್ಚಿಟ್ಟರೆ ಆ ತಪ್ಪು ಇಲ್ಲೇ ಉಳ್ಕೊಳ್ಳುತ್ತೆ."

ವಿಚಾರಣೆಯಲ್ಲಿ ಸಾಹೇಬರು, ಸೇರಿ ಎರಡು ತಿಂಗಳಾದ ಹೆಣ್ಣುಮಗಳ ಕೈಗೆ ಲಿವರ್ ಬಿಟ್ಟು ಕಿತ್ತಳೆ ತಿನ್ನುತ್ತಿದ್ದಿರಾ ಎಂದು ದೊಡ್ಡಣ್ಣನನ್ನೇ ಹಿಡಿದುಕೊಂಡರು. ಕಲಿಯುವ ಕೈ ಲಿವರಿನ ಮೇಲಿರದೆ ಇನ್ನೆಲ್ಲಿರಬೇಕು ಸ್ವಾಮಿ ಎಂದು ದೊಡ್ಡಣ್ಣ ಕೇಳಿದರಂತೆ. ಅವಳ ಕೆಲಸ ಉಳಿಯಿತು. ಐವತ್ತೇಳರ ದೊಡ್ಡಣ್ಣ ಮಾತ್ರ, ಮೀಸೆ ಚಿಗುರುತ್ತಿದ್ದವರ ನಡುವೆ ಬೆಂಚಿನಲ್ಲಿ ಕೂತು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ನೂರಕ್ಕೆ ತೊಂಬತ್ತೆಂಟು ತೆಗೆದುಕೊಂಡು, ಆ ಎರಡು ಎಲ್ಲಿ ಹೋಯಿತೆಂದು ತಲೆ ಕೆರೆದುಕೊಳ್ಳುತ್ತ ಬಂದರು.

ಅವತ್ತು ಅವಳು ಕೈಮುಗಿದು ಏನೋ ಹೇಳಹೊರಟಳು. ಅವರು ತಡೆದರು.

"ಇಂಜಿನ್ ದಾಟಿದ ಕೂಡಲೇ ರೈಲು ಬಂತು ಅಂತ ಬರಿತೀಯೇನು? ಬಾಲ ನೋಡಿ ತಾನೇ ಬರೆಯೋದು? ನಾನಿನ್ನೂ ದಾಟ್ತಾ ಇದೀನಮ್ಮ. ಪೂರ್ತಿ ದಾಟಿದ ಮೇಲೆ ಹೇಳು."

ಬಾಲವೆಂದರೆ ರೈಲಿನ ಕೊನೆಯ ಡಬ್ಬಿ, ಅದಕ್ಕೊಂದು ಕೆಂಪು ದೀಪ. ಅದು ಕಂಡರೆ ಮಾತ್ರ ರೈಲು ಪೂರ್ತಿ ಬಂದಂತೆ. ಕಾಣದಿದ್ದರೆ ಎಲ್ಲೋ ಕೊಂಡಿ ಕಳಚಿ ಅರ್ಧ ಹಿಂದೆ ಉಳಿದಿದೆಯೆಂದು ಅರ್ಥ. ಆ ಡಬ್ಬಿಯಿಂದ ಗಾರ್ಡು ಕೈ ಚಾಚುತ್ತಾನೆ, ಎಲ್ಲ ಸರಿ ಎಂದು. ಕ್ಯಾಬಿನ್ನಿನವರು ಕಿಟಕಿಯಿಂದ ಕೈ ಚಾಚಿ, ಕಂಡೆ ಎನ್ನುತ್ತಾರೆ. ಅಲ್ಲಿಯವರೆಗೆ ಕಿಟಕಿ ಬಿಟ್ಟು ಕದಲುವಂತಿಲ್ಲ.

* * *

ರೈಲು ನಿಲ್ಲಿಸಲು ಕಾರಣ ಹಳಿಯ ಮೇಲಿರಬೇಕು, ನಮ್ಮ ಮನಸ್ಸಿನಲ್ಲಲ್ಲ. ಇದೂ ದೊಡ್ಡಣ್ಣನದೇ ಮಾತು. ಹಳಿ ಖಾಲಿಯಿತ್ತು.

ಅವಳು ಗಂಟೆ ಕೊಟ್ಟಳು. ಚಕ್ರ ತಿರುಗಿಸಿದಳು. ಪೆಟ್ಟಿಗೆ ಹೊತ್ತವರು ಹತ್ತಿರ ಬರುತ್ತಿದ್ದಂತೆ ಗೇಟಿನ ಎರಡು ಕೋಲೂ ಅವರೆದುರಿಗೇ ಇಳಿದು ಕೂತವು. ಬಟ್ಟೆ ಸುತ್ತಿ ಲಿವರ್ ಎಳೆದಳು. ಕಣ್ಣು ಮಂಜಾಗಿ ಹಿಡಿ ಸರಿಯಾಗಿ ಕಾಣಲಿಲ್ಲ.

ಕೆಳಗೆ ಗುಜುಗುಜು ಶುರುವಾಯಿತು. ಪೆಟ್ಟಿಗೆಗೆ ಮುಂದೆ ಹೆಗಲು ಕೊಟ್ಟಿದ್ದ ಅಳಿಯ ಕತ್ತೆತ್ತಿ ನೋಡಿದ.

"ಯಾರ ಹೆಣ ಅಂತಾದ್ರೂ ಗೊತ್ತಾ ನಿಮಗೆ? ಅವರಿಗೇ ಗೇಟ್ ಹಾಕ್ತೀರಲ್ಲ!"

ಅಷ್ಟರಲ್ಲಿ ಅತ್ತಿಗೆ ಮುಂದೆ ಬಂದರು. ಅತ್ತು ಅತ್ತು ಮುಖ ಬಾತಿತ್ತು. ಗೇಟಿನ ಕೋಲಿನ ಮೇಲೆ ಕೈಯಿಟ್ಟು, ಆಚೆ ಇಳಿದಿದ್ದ ಕೈಮರವನ್ನು ನೋಡಿದರು, ಆಮೇಲೆ ಅವಳನ್ನು. ಕೆಳದುಟಿ ನಡುಗಿತು, ಅಳು ಬರುತ್ತದೆ ಎಂದುಕೊಂಡರೆ ನಗು ಬಂತು.

"ಸುಮ್ನಿರಪ್ಪ," ಎಂದರು ಅಳಿಯನಿಗೆ. "ಮೂವತ್ತೆಂಟು ವರ್ಷ ಊರನ್ನೆಲ್ಲ ಇಲ್ಲಿ ನಿಲ್ಲಿಸಿದವರು. ಒಂದು ದಿನ ತಾವೂ ನಿಲ್ಲಲಿ. ಗೇಟ್ ತೆಗೆದಿದ್ರೆ ಎದ್ದು ಕೂತು ಅವಳನ್ನ ಬೈತಿದ್ರು."

ಹಿಂದಿದ್ದ ಡ್ರೈವರುಗಳಲ್ಲಿ ಯಾರೋ ಕಿಸಕ್ಕೆಂದರು. ಗುಜುಗುಜು ಸಡಿಲವಾಯಿತು. ಅಳಿಯ ತಲೆ ತಗ್ಗಿಸಿ, ಹೆಗಲ ಮೇಲಿನ ಭಾರ ಸರಿಮಾಡಿಕೊಂಡ. ಅತ್ತಿಗೆ ಇನ್ನೂ ಮೇಲೆಯೇ ನೋಡುತ್ತಿದ್ದರು.

"ಎಷ್ಟು ಹೊತ್ತಮ್ಮ?"

ಅವಳು ಕಿಟಕಿಯಿಂದ ಕತ್ತು ಹೊರಹಾಕಿದಳು. "ನಾಲ್ಕೇ ನಿಮಿಷ, ಅತ್ತಿಗೆ."

ಪ್ಯಾಸೆಂಜರ್ ಬರುವುದಕ್ಕೆ ನಾಲ್ಕೇ ನಿಮಿಷ ಹಿಡಿಯಿತು. ಪೆಟ್ಟಿಗೆಯನ್ನು ಕಂಡ ಡ್ರೈವರು ಟೋಪಿ ತೆಗೆದ. ಡಬ್ಬಿಗಳು ಒಂದೊಂದಾಗಿ ದಾಟಿದವು. ಕಿಟಕಿಗಳಲ್ಲಿ ನಿದ್ದೆ ಮಾಡುವವರು, ತಿನ್ನುವವರು, ತಮ್ಮನ್ನು ಇಷ್ಟು ವರ್ಷ ಸುಖವಾಗಿ ದಾಟಿಸಿದವನು ಪಕ್ಕದಲ್ಲೇ ಇದ್ದಾನೆಂದು ಅರಿಯದವರು. ಕೊನೆಯ ಡಬ್ಬಿಯ ಕೆಂಪು ದೀಪ ಕಂಡಿತು. ಲಿವರ್ ಹಿಂದಕ್ಕೆ ಹಾಕಿದಳು, ಕೈಮರ ಮೇಲೆದ್ದಿತು, ಚಕ್ರದ ಬೀಗ ಬಿಟ್ಟಿತು. ಗೇಟು ತೆರೆಯಿತು.

ಪೆಟ್ಟಿಗೆ ಹಳಿ ದಾಟಿತು. ಅದರ ಹಿಂದೆ ಅತ್ತಿಗೆ, ಮಗಳು, ಡ್ರೈವರುಗಳು, ಹಾಲಿನವನು, ಟೀಚರುಗಳು. ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಜನ ತೆಳುವಾದರು. ಎಲ್ಲರಿಗಿಂತ ಹಿಂದೆ, ಹತ್ತು ಹೆಜ್ಜೆ ಬಿಟ್ಟು, ಗಾರ್ಡಪ್ಪ ಒಬ್ಬರೇ ಬಂದರು. ಎರಡು ಹಳಿಗಳ ನಡುವೆ ನಿಂತು ಕ್ಯಾಬಿನ್ನಿನ ಕಡೆ ತಿರುಗಿದರು. ಬರಿಗೈಯನ್ನು ಹೆಗಲಿನ ನೇರಕ್ಕೆ ಚಾಚಿ ಹಿಡಿದರು.

ಪೂರ್ತಿ ದಾಟಿತ್ತು. ಇನ್ನು ಹೇಳಬಹುದಿತ್ತು. "ನಿಮ್ಮಿಂದ ಬದುಕಿದೆ, ದೊಡ್ಡಣ್ಣ," ಎಂದಳು, ಹನ್ನೆರಡು ಲಿವರುಗಳಿಗಷ್ಟೇ ಕೇಳುವಂತೆ. ಆಮೇಲೆ ತಾನೂ ಕಿಟಕಿಯಿಂದ ಕೈ ಚಾಚಿದಳು. ಕೈಯಲ್ಲಿದ್ದ ಬಟ್ಟೆ ಗಾಳಿಗೆ ಬಿಚ್ಚಿಕೊಂಡಿತು. ಜೇಬು ಕಿತ್ತ ಕಡೆ ದೊಡ್ಡಣ್ಣನ ಹಳೆಯ ಅಂಗಿಯ ಬಣ್ಣ ಇನ್ನೂ ಹೊಸದಾಗಿತ್ತು.