ಮಾರಿದ ನಾಲ್ಕು ಅಂತಸ್ತು

ನಮ್ಮ ಯಜಮಾನರು ಬಸ್ ಕಂಡಕ್ಟರ್. ಟಿಕೆಟ್ ಜೊತೆ ತಮಾಷೆಯನ್ನೂ ಹರಿದು ಕೊಡುವ ಮನುಷ್ಯ. ನಗರ ನವೀಕರಣ ಕಚೇರಿಯಿಂದ ಬಂದ ದಿನ ಬಾಗಿಲಲ್ಲೇ ನಿಂತು, "ಗಾಳಿ ಮಾರಿ ಬಂದೆ ಕಣೇ!" ಎಂದು ನಕ್ಕರು. ಜೊತೆಗೆ ಹೋಗಿದ್ದ ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ನಗಲಿಲ್ಲ. ಮನೆ ಅಕ್ಕ ತಮ್ಮ ಇಬ್ಬರದೂ. ಇಬ್ಬರೂ ಸಹಿ ಹಾಕಿ ಬಂದಿದ್ದರು.

ವಿಷಯ ಇಷ್ಟೇ. ನಮ್ಮದು ಒಂದೇ ಅಂತಸ್ತಿನ ಹಳೆಯ ಮನೆ. ಸೂರು ಸೋರುತ್ತಿತ್ತು, ಗೋಡೆ ಬಿರುಕು ಬಿಟ್ಟಿತ್ತು. ಈ ಬೀದಿಯಲ್ಲಿ ಐದು ಅಂತಸ್ತಿನವರೆಗೆ ಕಟ್ಟಬಹುದಂತೆ. ನಾವು ಕಟ್ಟದೆ ಬಿಟ್ಟ ನಾಲ್ಕು ಅಂತಸ್ತಿನ ಹಕ್ಕನ್ನು ಮಾರಿದರೆ, ಕೊಂಡವರು ಅದನ್ನು ತಮ್ಮ ಜಾಗದಲ್ಲಿ ಕಟ್ಟಿಕೊಳ್ಳುತ್ತಾರೆ. ಬಂದ ಹಣದಲ್ಲಿ ಹಳೆಯ ಮನೆ ರಿಪೇರಿಯಾಗಿ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಚೇರಿಯ ಹೆಂಗಸು ಒಳ್ಳೆಯವಳು, ಏನನ್ನೂ ಮುಚ್ಚಿಡಲಿಲ್ಲ.

ಅತ್ತಿಗೆ ಅವಳನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ ಮಾತು. "ನಮ್ಮ ತಲೆ ಮೇಲೆ ಯಾರೂ ಕಟ್ಟಲ್ಲ ತಾನೇ?"

"ಇಲ್ಲಮ್ಮ, ಯಾವತ್ತೂ ಕಟ್ಟೋ ಹಾಗಿಲ್ಲ."

ಆ ಹಕ್ಕು ಎಲ್ಲಿಗೆ ಹೋಗುತ್ತದೆ ಎಂದು ಅಕ್ಕನೂ ಕೇಳಲಿಲ್ಲ, ತಮ್ಮನೂ ಕೇಳಲಿಲ್ಲ. ಮನೆಯಲ್ಲಿ ಕೂತಿದ್ದ ನನಗಾದರೂ ಹೊಳೆಯಿತೇ? ತಲೆಯ ಮೇಲಿನದನ್ನೇ ನೋಡುತ್ತಾ ಕೂತವರಿಗೆ ಪಕ್ಕದ್ದು ಕಾಣುವುದಿಲ್ಲ.

ಹಕ್ಕು ಪಕ್ಕದ ಖಾಲಿ ಗೋದಾಮಿಗೆ ಹೋಯಿತು, ನಮ್ಮ ಉತ್ತರದ ಕಿಟಕಿಯ ಎದುರಿಗೇ. ಆ ಕಿಟಕಿಯ ಬಳಿ ಕೂತೇ ಅತ್ತಿಗೆ ಇಷ್ಟು ವರ್ಷ ರಫು ಹಾಕಿದ್ದು. ಹರಿದ ಕೋಟು, ಸುಟ್ಟ ಶಾಲು, ಹುಳು ತಿಂದ ಉಣ್ಣೆ ಏನೇ ಬರಲಿ, ಎಳೆಗೆ ಎಳೆ ಕೂಡಿಸಿ ಮುಗಿಸಿದರೆ ತೂತು ಎಲ್ಲಿತ್ತೆಂದು ಹರಿದುಕೊಂಡವರಿಗೇ ಗೊತ್ತಾಗುತ್ತಿರಲಿಲ್ಲ. ಬಿಸಿಲು ಬೀಳದ, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನಾಗಿರುವ ಆ ಬೆಳಕಿನಲ್ಲೇ ದಾರದ ನಿಜ ಬಣ್ಣ ಕಾಣುವುದು ಎನ್ನುತ್ತಿದ್ದರು.

ನಮ್ಮ ಸೂರು ರಿಪೇರಿಯಾಯಿತು. ಪಕ್ಕದ ಕಟ್ಟಡವೂ ಎದ್ದಿತು. ಗೋಡೆಗೆಲ್ಲ ಬಳ್ಳಿ, ಮೇಲೆ ಸೌರ ಫಲಕ, ಪರಿಸರಕ್ಕೆ ಬಹಳ ಒಳ್ಳೆಯದಂತೆ. ನಮ್ಮ ಕಿಟಕಿಗೆ ಅದರ ಗೋಡೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಹಗಲಲ್ಲೂ ದೀಪ ಹಾಕಬೇಕಾಯಿತು.

ಒಂದು ದಿನ ಅತ್ತಿಗೆಯ ಹಳೆಯ ಗಿರಾಕಿ, ಒಬ್ಬ ವಕೀಲರು, ಕಪ್ಪು ಕೋಟನ್ನು ವಾಪಸ್ ತಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಏನೂ ಅಂದ್ಕೋಬೇಡಿ. ಹೊರಗೆ ಹೋದಾಗ ಸ್ವಲ್ಪ ನೀಲಿ ಕಾಣುತ್ತೆ."

ಅತ್ತಿಗೆ ಕೋಟನ್ನು ಬೀದಿಗೆ ಒಯ್ದು ನೋಡಿದರು. ತೋಳಿನ ಮೇಲೆ ಕಡುನೀಲಿ ತೇಪೆ ಎದ್ದು ಕಾಣುತ್ತಿತ್ತು. ಒಳಗೆ ಬಂದು ಹಾಕಿದ್ದ ಎಳೆಗಳನ್ನು ಬಿಚ್ಚಲು ಕೂತರು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿದು ಬೀಳಲಿ? ಕಚೇರಿಯವಳು ಸುಳ್ಳು ಹೇಳಿರಲಿಲ್ಲ, ಕಟ್ಟಿದವರು ಕದ್ದಿರಲಿಲ್ಲ.

"ತಾರಸಿ ಮೇಲೆ ಒಂದು ಗಾಜಿನ ಕೋಣೆ ಹಾಕಿಸ್ತೀನಿ ಅಕ್ಕ, ಅಲ್ಲಿ ಬೇಕಾದಷ್ಟು ಬೆಳಕು" ಎಂದರು ಯಜಮಾನರು. ಕೆಲಸಕ್ಕೆ ರಜೆ ಹಾಕಿ ಕಚೇರಿಗೆ ಹೋದವರು ಮಧ್ಯಾಹ್ನವೇ ಹಿಂತಿರುಗಿ ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕುಸಿದರು.

"ಕಟ್ಟೋ ಹಾಗಿಲ್ಲವಂತೆ. ಒಂದು ತಗಡಿನ ಶೀಟ್ ಕೂಡ. ಮೇಲಿನದು ಮಾರಿಬಿಟ್ಟಿದ್ದೀವಲ್ಲ."

ತಾರಸಿಯಲ್ಲಿ ಬಯಲಿಗೇ ಕೂತು ನೋಡಿದ್ದೂ ಆಯಿತು. ಗಾಳಿಗೆ ಎಳೆ ನಿಲ್ಲಲಿಲ್ಲ, ಬಿಸಿಲಿಗೆ ಅತ್ತಿಗೆಯ ಕಣ್ಣು ನಿಲ್ಲಲಿಲ್ಲ.

ಪಕ್ಕದ ಕಟ್ಟಡದ ಒಳಗಿನ ಕೆಲಸವೂ ಮುಗಿದಾಗ ನೋಡಲು ಬನ್ನಿ ಎಂದು ಕಟ್ಟಿದವರು ಅಕ್ಕಪಕ್ಕದವರನ್ನೆಲ್ಲ ಕರೆದರು. ನಾನಂತೂ ಹೋಗಬಾರದೆಂದೇ ಇದ್ದೆ. ಅತ್ತಿಗೆಯೇ ಚೀಲ ಹೆಗಲಿಗೇರಿಸಿ ಮುಂದಾದರು. ಲಿಫ್ಟಿನಲ್ಲಿ ಯಜಮಾನರು, "ಮೇಲಿನ ನಾಲ್ಕು ನಮ್ಮವೇ ಕಣೇ, ಬಾಡಿಗೆ ಕೇಳೋಣ್ವಾ?" ಎಂದರು. ಯಾರೂ ನಗಲಿಲ್ಲ.

ಮೇಲಿನ ಖಾಲಿ ಮನೆಯಲ್ಲಿ ಗೋಡೆಯಗಲದ ಕಿಟಕಿ. ಅದೂ ಉತ್ತರಕ್ಕೆ. ಜನರೆಲ್ಲ ದೂರದ ಊರು ನೋಡುತ್ತಿದ್ದರೆ ಅತ್ತಿಗೆ ನೆಲದ ಮೇಲೆ ಕೂತು ಚೀಲದಿಂದ ಒಂದು ಬೂದಿ ಬಣ್ಣದ ಕೋಟು ತೆಗೆದರು. ಹಿಂದಿನ ದಿನವಷ್ಟೇ ರಫು ಮುಗಿಸಿದ್ದು. ದೀಪದ ಕೆಳಗೆ ನಾನೂ ನೋಡಿದ್ದೆ, ಯಜಮಾನರೂ ನೋಡಿದ್ದರು. "ಗೊತ್ತೇ ಆಗಲ್ಲ ಬಿಡಿ" ಎಂದಿದ್ದೆವು ಇಬ್ಬರೂ.

ಕೋಟನ್ನು ಕಿಟಕಿಯ ಕಡೆಗೆ ಹಿಡಿದರು. ಬೂದಿಯ ನಡುವೆ ಅಂಗೈಯಗಲ ಹಸಿರು.

ಅದರ ಮೇಲೆ ಒಮ್ಮೆ ಬೆರಳಾಡಿಸಿದರು. ಮನೆ ತೋರಿಸುತ್ತಿದ್ದ ಹುಡುಗಿ ಬಂದು, "ಅಮ್ಮಾ, ಇಲ್ಲಿ ಕೂರಬಾರದು, ಹಿಂದೆ ಜನ ಕಾಯ್ತಿದ್ದಾರೆ" ಎಂದು ಮೆಲ್ಲಗೆ ಹೇಳಿದಳು.

"ಎದ್ದೆ ಮಗಳೇ" ಎಂದರು ಅತ್ತಿಗೆ. ಕೋಟನ್ನು ಮಡಿಸಿ ತಮ್ಮನ ಕೈಗಿಟ್ಟರು.

"ಮನೇಲಿರೋ ಬಟ್ಟೆಗಳನ್ನೆಲ್ಲ ಅವರವರಿಗೆ ವಾಪಸ್ ಕೊಟ್ಟು ಬಾ. ಹರಿದಿದ್ದು ಹಾಗೇ ಇರಲಿ. ನಾನು ಹಾಳು ಮಾಡೋದು ಬೇಡ."