ಡಬ್ಬಿಯಲ್ಲಿ ಉಳಿದ ಒಂಬತ್ತು ಕಲ್ಲು

ಹೊಳೆ ಬೀದಿಯ ಟೈಲರಕ್ಕನ ಮನೆಯದು ಎಲ್ಲರ ಮನೆಯ ಗೋಳೇ. ಇರುವುದು ಎರಡು ಕೋಣೆ, ಸಾಮಾನು ಮಾತ್ರ ನಾಲ್ಕು ಕೋಣೆಯಷ್ಟು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳಿಗೊಂದು ಬೆಂಚು. ಹಿಂದಿನ ಕೋಣೆಯಲ್ಲಿ ಒಲೆ, ಮಂಚ, ಗಂಡನ ಬಣ್ಣದ ಡಬ್ಬಗಳು. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಹಳೇ ಕುರ್ಚಿ. ಅದು ಅವಳ ಅಪ್ಪನದು. ಅಪ್ಪನಿಗೆ ಎಂಬತ್ತು ದಾಟಿತ್ತು. ಸೇತುವೆ ಬರುವುದಕ್ಕೆ ಮುಂಚೆ ಆ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವರು ಅವರೇ. ಬೀದಿಯ ಮಕ್ಕಳಿಗೆ ಅವರು ದೋಣಿ ತಾತ.

ಶಾಲೆ ಶುರುವಾಗುವ ಹೊತ್ತು. ಇನ್ನೂರು ಯೂನಿಫಾರಂ ಹೊಲಿದುಕೊಡಬೇಕಿತ್ತು. ಬಿಳಿ ಗುಂಡಿಗಳ ಪೊಟ್ಟಣ ಒಡೆದು ನೆಲದ ತುಂಬ ಹರಡಿತು. ಹಾಕಿಡಲು ಏನಾದರೂ ಇದೆಯೇ ಎಂದು ಅವಳು ಸುತ್ತ ನೋಡಿದಾಗ, ಅಪ್ಪನ ಕುರ್ಚಿಯ ಮೇಲಿನ ಗೂಡಿನಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿ ಕಂಡಿತು. ಅಂಚಿಗೆ ತುಕ್ಕು ಹಿಡಿದಿದ್ದರೂ ಮುಚ್ಚಳ ಬಿಗಿಯಾಗಿತ್ತು. ತೆಗೆದು ನೋಡಿದರೆ ಒಳಗೆ ಕಲ್ಲು. ಹೊಳೆಯಲ್ಲಿ ಸಿಗುವ ನುಣುಪಾದ ಸಣ್ಣ ಕಲ್ಲು, ಬೆರಳೆಣಿಕೆಯಷ್ಟು.

ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಕಲ್ಲು ಚೆಲ್ಲುವುದಕ್ಕೆ ಕೇಳುವುದೇನು ಬಂತು? ಹೊರಗೆ ಕೆಲಸದವರು ಚರಂಡಿಯ ಪಕ್ಕದ ತಗ್ಗಿಗೆ ಜಲ್ಲಿ ತುಂಬಿ ಕಾಂಕ್ರೀಟು ಹಾಕುತ್ತಿದ್ದರು. ಅವಳು ಕಲ್ಲುಗಳನ್ನು ಅದೇ ತಗ್ಗಿಗೆ ಸುರಿದು ಬಂದಳು. ಸಂಜೆಯೊಳಗೆ ಅದರ ಮೇಲೆ ಕಾಂಕ್ರೀಟು ಬಿತ್ತು.

ಎರಡು ದಿನ ಬಿಟ್ಟು ಅಪ್ಪ ಡಬ್ಬಿ ಇಳಿಸಿದರು. ಅಲ್ಲಾಡಿಸಿದರು. ಸದ್ದು ಬೇರೆಯಾಗಿತ್ತು. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗುಂಡಿಗಳನ್ನೇ ನೋಡಿದರು.

"ಇದ್ರಲ್ಲಿ ಕಲ್ಲಿತ್ತಲ್ಲಮ್ಮಾ?"

"ಚೆಲ್ಬಿಟ್ಟೆ ಅಪ್ಪಾ. ಕಲ್ಲಿಗೇನು ಬರ ಬಂದಿದ್ಯಾ? ಬೇಕಾದ್ರೆ ಹೊಳೆ ಹತ್ರ ಹೋಗಿ ಒಂದು ಚೀಲ ತಂದ್ಕೊಡ್ತೀನಿ," ಎಂದು ಅವಳು ನಕ್ಕಳು.

"ಬೇಡ ಬಿಡಮ್ಮಾ," ಎಂದರು ಅಪ್ಪ. ಡಬ್ಬಿಯನ್ನು ಮುಚ್ಚಿ, ಇದ್ದಲ್ಲೇ ಇಟ್ಟರು. ಅವತ್ತು ಊಟಕ್ಕೆ ಏಳಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡಳು ಮಗಳು.

ಅದೇ ವಾರ ಲೈಬ್ರರಿ ಅಕ್ಕ ಬಂದಳು. ಊರಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವವಳು ಅವಳೇ, ಊರಿನ ಇತಿಹಾಸ ಸಂಘ ನಡೆಸುವವಳೂ ಅವಳೇ. ರವಿಕೆಯ ಅಳತೆ ಕೊಡಲು ಬಂದವಳ ಕೈಯಲ್ಲಿ ಒಂದು ಕಟ್ಟು ಚೀಟಿಯೂ ಇತ್ತು.

"ಈ ಭಾನುವಾರ ಬನ್ನಿ. ಪ್ರತಿ ತಿಂಗಳು ಎರಡನೇ ಭಾನುವಾರ, ನಾಲ್ಕು ಗಂಟೆಗೆ, ಲೈಬ್ರರಿ ಮಹಡಿ ಮೇಲೆ. ಟಿಕೆಟ್ಟಿಲ್ಲ, ಏನಿಲ್ಲ. ಹೊಳೆ ಬಗ್ಗೆ, ಹೊಳೆ ದಂಡೇಲಿ ಬದುಕಿದವರ ಬಗ್ಗೆ ಮಾತು. ಈ ಸಲ ದೋಣಿ ಇದ್ದ ಕಾಲದ್ದು. ತಾತ ಬಂದ್ರೆ ಚೆನ್ನಾಗಿರತ್ತೆ."

ಹಿಂದಿನ ಕೋಣೆಯಿಂದ ಗಂಡನ ದನಿ ಬಂತು. "ಹಳೇ ಕಥೆ ಕೇಳಿದ್ರೆ ನಂಗೆ ಹೊಸ ಬೋರ್ಡು ಆರ್ಡರ್ ಬರತ್ತಾ ಅಕ್ಕಾ?"

"ಬಂದ್ರೂ ಬರಬಹುದು, ಯಾರಿಗ್ಗೊತ್ತು," ಎಂದು ಲೈಬ್ರರಿ ಅಕ್ಕ ನಕ್ಕಳು.

ಟೈಲರಕ್ಕ ನಗಲಿಲ್ಲ. ಅವಳಿಗೆ ದೋಣಿ ಎಂಬ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಅವಳು ಕೈಗೂಸಾಗಿದ್ದಾಗ, ಐವತ್ತು ವರ್ಷದ ಹಿಂದೆ, ಅಪ್ಪನ ದೋಣಿ ನಡುಹೊಳೆಯಲ್ಲಿ ಮಗುಚಿತ್ತು. ಜನ ಸತ್ತಿದ್ದರು. ಆಸೆಬುರುಕ, ಮಿತಿ ಮೀರಿ ಜನ ತುಂಬಿದ ಎಂದು ಊರು ಆಡಿಕೊಂಡಿತ್ತು. ಶಾಲೆಯಲ್ಲಿ ಅವಳಿಗಿದ್ದ ಹೆಸರು ಮುಳುಗಿಸಿದವನ ಮಗಳು. ಆ ಹೆಸರು ಹೇಳಿದವರ ಮೊಮ್ಮಕ್ಕಳಿಗೇ ಇವತ್ತು ಅವಳು ಯೂನಿಫಾರಂ ಹೊಲಿಯುತ್ತಿದ್ದಳು.

"ಅಪ್ಪನ್ನ ಕರ್ಕೊಂಡ್ಹೋಗಿ ಎಲ್ಲರೆದುರು ನಿಲ್ಲಿಸ್ಬೇಕಾ? ಬೈಸ್ಕೊಂಡಿದ್ದು ಸಾಲ್ದಾ?" ಎಂದಳು.

"ಬೈಯೋಕಲ್ಲ ತಾಯಿ. ಹಳೇ ದಾಖಲೆ ತೆಗೆದು ನೋಡಿದೆ. ಅದ್ರಲ್ಲಿ ಒಂದೇ ಸಾಲಿದೆ. ದೋಣಿ ಮುಳುಗಿ ಕೆಲವರು ಸತ್ತರು, ಅಷ್ಟೇ. ಕೆಲವರು ಅಂದ್ರೆ ಯಾರು? ಎಷ್ಟು ಜನ? ಅವರಿಗೂ ಹೆಸರಿರಲಿಲ್ವಾ?"

"ಒಂಬತ್ತು ಜನ," ಎಂದರು ಅಪ್ಪ.

ಇಬ್ಬರೂ ಕುರ್ಚಿಯ ಕಡೆ ತಿರುಗಿದರು.

"ಹೆಸರು ನೆನಪಿದ್ಯಾ ತಾತಾ?"

"ಎಲ್ಲಾ ನೆನಪಿದೆ. ದೋಣಿ ಹತ್ತೋವಾಗ ಎಲ್ಲರನ್ನೂ ಯಾರು, ಎಲ್ಲಿಗೆ ಅಂತ ವಿಚಾರಿಸ್ತಿದ್ದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ನಾನಾಗೇ ಹೇಳೋಕೆ ಹೋದ್ರೆ, ತಪ್ಪು ಮುಚ್ಕೊಳ್ಳೋಕೆ ಬಂದ ಅಂತಿದ್ರು."

ಅಪ್ಪನ ಮುಖದಲ್ಲಿ ಏನೋ ಬೆಳಕು ಬಂದಂತಿತ್ತು. ಅದನ್ನು ಮಗಳೂ ನೋಡಿದಳು. ನೋಡಿಯೂ ನೋಡದಂತೆ ಟೇಪು ಸುತ್ತಿಟ್ಟಳು.

"ಈಗಾಗಲ್ಲ ಅಕ್ಕಾ. ಕೈತುಂಬ ಕೆಲಸ. ಮಹಡಿ ಹತ್ತಿಸೋರು ಯಾರು?"

"ಹಾಗಾದ್ರೆ ನಾನೇ ಬರ್ತೀನಿ. ಅರ್ಧ ಗಂಟೆ ಸಾಕು. ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ. ತಾತಂಗೆ ಬೇಡ ಅನ್ಸಿದ್ದನ್ನ ಹೇಳೋದೇ ಬೇಡ."

"ಸ್ಕೂಲು ಶುರುವಾಗ್ಲಿ, ಆಮೇಲೆ ನೋಡೋಣ."

ಮಗಳಿಗೆ ಮುಜುಗರವಾಗಬಾರದೆಂದು ಅಪ್ಪನೇ ಮಾತು ಮುಗಿಸಿದರು. "ಇರ್ಲಿ ಬಿಡಮ್ಮಾ. ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಇರ್ತೀನಲ್ಲ."

ಆ ಭಾನುವಾರದ ಮಾತುಕತೆ ಅವರಿಲ್ಲದೆಯೇ ನಡೆಯಿತು. ಮೂರು ದಿನದ ಮೇಲೆ, ಮಧ್ಯಾಹ್ನ, ಅಪ್ಪ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ಮಿಷನ್ನಿನ ಪಕ್ಕ ಕೂತರು. ಅಲ್ಲಿಯವರೆಗೆ ಯಾವತ್ತೂ ಹಾಗೆ ಕೂತವರಲ್ಲ.

"ನಿಂಗೆ ಹೇಳಿಡ್ತೀನಿ ಮಗಳೇ. ನೀನಾದ್ರೂ ನೆನಪಿಟ್ಕೋ."

"ಹೇಳಪ್ಪಾ," ಎಂದಳು ಅವಳು. ಕಾಲು ಮಾತ್ರ ಮಿಷನ್ನು ತುಳಿಯುತ್ತಲೇ ಇತ್ತು.

ಅಪ್ಪ ಬೆರಳು ಮಡಿಸುತ್ತಾ ಹೇಳತೊಡಗಿದರು. ಮಿಷನ್ನು ಕಟಕಟನೆ ಓಡುತ್ತಿತ್ತು. ಅವಳು ನಡುನಡುವೆ ಹೂಂ ಎನ್ನುತ್ತಿದ್ದಳು. ಕಾಲರು ಸರಿಯಾಗಿ ಕೂರುತ್ತಿರಲಿಲ್ಲ, ಅವಳ ಜೀವವೆಲ್ಲ ಅಲ್ಲೇ ಇತ್ತು. ಒಮ್ಮೆ ದಾರ ತುಂಡಾಯಿತು. ಮಿಷನ್ನು ನಿಂತಾಗ ಅಪ್ಪನ ಮಾತು ಕಿವಿಗೆ ಬಿತ್ತು. "... ಪೊರಕೆ ಮಾರೋ ಹೆಂಗಸು. ಎರಡು ಕಟ್ಟು ಪೊರಕೆ ಇತ್ತು. ಮಗಳ ಬಾಣಂತನಕ್ಕೆ ಹೊರಟಿದ್ಳು, ಪಾಪ." ಅವಳು ದಾರ ಪೋಣಿಸಿದಳು. ಮಿಷನ್ನು ಮತ್ತೆ ಓಡಿತು.

ಕೊನೆಗೆ ಅಪ್ಪ ಕೇಳಿದರು. "ಕೇಳಿಸ್ಕೊಂಡೆಯಾ?"

"ಕೇಳಿಸ್ಕೊಂಡೆ ಕಣಪ್ಪಾ."

"ಹೇಳ್ಬಿಟ್ಟೆ. ಈಗ ಎದೆ ಹಗುರ ಆಯ್ತು," ಎಂದು ಅವರು ಕುರ್ಚಿಯನ್ನು ಮತ್ತೆ ಕಿಟಕಿಯ ಹತ್ತಿರ ಎಳೆದುಕೊಂಡು ಹೋದರು.

ಮುಂದಿನ ಮಂಗಳವಾರ, ಬೆಳಗಿನ ಟೀ ಕುಡಿದ ಲೋಟ ಕೈಯಲ್ಲಿರುವಾಗಲೇ, ಅದೇ ಕುರ್ಚಿಯಲ್ಲಿ ದೋಣಿ ತಾತ ತೀರಿಕೊಂಡರು. ಒದ್ದಾಡಲಿಲ್ಲ, ಕರೆಯಲಿಲ್ಲ. ಲೋಟ ಬಿದ್ದ ಸದ್ದಿಗೆ ಮಗಳು ತಿರುಗಿ ನೋಡಿದಳು, ಅಷ್ಟೇ.

ಯೂನಿಫಾರಂಗಳು ಹೇಳಿದ ದಿನಕ್ಕೆ ಸರಿಯಾಗಿ ಹೋದವು. ಒಂದೂ ತಡವಾಗಲಿಲ್ಲ.

ಮತ್ತೆ ಎರಡನೇ ಭಾನುವಾರ ಬಂತು. ಲೈಬ್ರರಿ ಅಕ್ಕ ಮನೆಗೇ ಬಂದಳು. "ಮಾತಾಡೋದು ಬೇಡ. ಬಂದು ಕೂತ್ಕೋ ಸಾಕು. ನಿಮ್ಮಪ್ಪನ ನೆನಪಿಗೆ." ಟೈಲರಕ್ಕನಿಗೆ ಮನಸ್ಸಿರಲಿಲ್ಲ. ಆದರೆ ಗಂಡ, ಅದೇ ತಮಾಷೆಯ ಗಂಡ, ಆಗಲೇ ಕೈಗೆ ಹತ್ತಿದ್ದ ಬಣ್ಣ ಒರೆಸಿಕೊಂಡು ಚಪ್ಪಲಿ ಮೆಟ್ಟಿದ್ದ. "ನಡಿ, ಹೋಗ್ಬರೋಣ," ಎಂದ.

ಮಹಡಿಯ ಮೇಲೆ ಮೂವತ್ತು ನಲವತ್ತು ಕುರ್ಚಿ, ಕಿರ್ರೆನ್ನುವ ಒಂದು ಫ್ಯಾನು, ಗೋಡೆಗೆ ಹೊಳೆಯ ನಕ್ಷೆ. ಗಂಡ ಹೆಂಡತಿ ಕೊನೆಯ ಸಾಲಿನಲ್ಲಿ ಕೂತರು. ಯಾರಾದರೂ ಏನಾದರೂ ಅಂದರೆ ಎದ್ದು ಬರುವುದು ಎಂದು ಅವಳು ಸೆರಗು ಬಿಗಿಹಿಡಿದು ಕಾಯುತ್ತಿದ್ದಳು.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಕೋಲು ಊರಿಕೊಂಡು ಎದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಹೋದ ವರ್ಷವಷ್ಟೇ ಹುಟ್ಟಿದೂರಿಗೆ ಮರಳಿದ್ದರು.

"ಅವತ್ತು ಆ ದೋಣೀಲಿ ನಾನಿದ್ದೆ," ಎಂದರು ನರ್ಸಮ್ಮ. "ಒಂಬತ್ತು ವರ್ಷ ನಂಗೆ. ಜೊತೇಲಿ ನನ್ನ ತಮ್ಮ. ಜನ ಜಾಸ್ತಿ ತುಂಬಿದ್ರು ಅಂತಾರಲ್ಲ, ಅದು ಸುಳ್ಳು. ಅಂಬಿಗರ ಹತ್ರ ಒಂದು ಬಟ್ಟೆ ಚೀಲ, ಒಂದು ತಗಡಿನ ಡಬ್ಬಿ ಇರ್ತಿತ್ತು. ಚೀಲದಲ್ಲಿ ಮೂವತ್ತು ಕಲ್ಲು. ಒಬ್ಬರು ದೋಣಿ ಹತ್ತಿದ್ರೆ ಒಂದು ಕಲ್ಲು ಡಬ್ಬಿಗೆ. ಚೀಲ ಖಾಲಿಯಾದ್ರೆ ಮುಗೀತು, ಯಾರೇ ಬಂದ್ರೂ ಹತ್ತಿಸ್ತಿರಲಿಲ್ಲ. ಡಬ್ಬೀನ ದಡದ ಮೆಟ್ಟಿಲ ಮೇಲೇ ಬಿಟ್ಟು ಹೊರಡ್ತಿದ್ರು. ಅವತ್ತು ಒಬ್ಬರು ಅಂಗಡಿಯವರು ಬಂದು ಕೂಗಾಡಿದ್ರು. ಕಲ್ಲು ಮುಗೀತು ಸ್ವಾಮಿ, ಮುಂದಿನ ಸಲ ಬನ್ನಿ ಅಂದ್ರು ಅಂಬಿಗರು. ನಾನೇ ಕೇಳಿದೀನಿ."

ಟೈಲರಕ್ಕನ ಕೈ ಸೆರಗಿನಿಂದ ಜಾರಿತು.

"ನಡುಹೊಳೇಲಿ ಒಂದು ದೊಡ್ಡ ಮರದ ದಿಮ್ಮಿ ತೇಲಿ ಬಂದು ಹೊಡೀತು. ಮಗುಚ್ಕೊಳ್ತು. ಆ ಮನುಷ್ಯ ಒಬ್ಬೊಬ್ಬರನ್ನೇ ಎಳ್ಕೊಂಡು ಬಂದು ದಡಕ್ಕೆ ಹಾಕಿದ್ರು. ಹಾಕಿದಾಗೆಲ್ಲ ಡಬ್ಬಿಯಿಂದ ಒಂದು ಕಲ್ಲು ತೆಗೆದು ಚೀಲಕ್ಕೆ. ಆಮೇಲೆ ಮತ್ತೆ ನೀರಿಗೆ. ನೀರಲ್ಲಿ ಇನ್ನೆಷ್ಟು ಜನ ಇದಾರೆ ಅಂತ ಅವರಿಗೆ ಗೊತ್ತಾಗ್ಬೇಕಿತ್ತಲ್ಲ. ಇಪ್ಪತ್ತೊಂದು ಕಲ್ಲು ಚೀಲಕ್ಕೆ ಬಂತು. ಅದ್ರಲ್ಲೊಂದು ನಾನು. ಒಂಬತ್ತು ಡಬ್ಬೀಲೇ ಉಳೀತು. ನನ್ನ ತಮ್ಮನ್ನ ಹುಡುಕೋಕೆ ಅವರು ಮೂರು ದಿನ ನೀರಿಗಿಳಿದ್ರು." ನರ್ಸಮ್ಮ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಅವರ ಕೈ ಹಿಡ್ಕೊಂಡು ಒಂದು ಮಾತು ಹೇಳ್ಬೇಕಿತ್ತು. ಅವರಿನ್ನೂ ಇದಾರೆ ಅಂತ ಗೊತ್ತಾಗಿದ್ದೇ ಹೋದ ತಿಂಗಳು, ಅದಕ್ಕೇ ಇಲ್ಲಿಗೆ ಬಂದಿದ್ದೆ. ಮುಂದಿನ ಸಲ ಬರ್ತಾರೆ ಅಂದ್ರು. ಕಾದೆ."

ಟೈಲರಕ್ಕ ಎದ್ದು ನಿಂತಳು. ಅವಳು ಐವತ್ತು ವರ್ಷ ತಲೆ ತಗ್ಗಿಸಿ ನಡೆದ ಬೀದಿಯ ಜನರೆಲ್ಲ ತಿರುಗಿ ನೋಡಿದರು.

"ಆ ಡಬ್ಬಿ ನಮ್ಮನೇಲಿದೆ," ಎಂದಳು. "ಕಲ್ಲಿಲ್ಲ. ನಾನೇ ಚೆಲ್ದೆ. ಗುಂಡಿ ಹಾಕೋಕೆ ಡಬ್ಬಿ ಬೇಕಿತ್ತು."

ಅಷ್ಟಕ್ಕೇ ಕೂರಬಹುದಿತ್ತು. ಕೂರಲಿಲ್ಲ.

"ಹೆಸರೂ ಹೇಳಿದ್ರು. ಒಂಬತ್ತೂ ಹೇಳಿದ್ರು, ನನ್ನ ಪಕ್ಕದಲ್ಲೇ ಕೂತ್ಕೊಂಡು. ನಾನು ಮಿಷನ್ ತುಳೀತಿದ್ದೆ. ಕೇಳಿಸ್ಕೊಂಡೆ ಅಂತ ಸುಳ್ಳು ಹೇಳ್ದೆ." ಆಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ನರ್ಸಮ್ಮ ಕೋಲು ಊರಿಕೊಂಡು ಕೊನೆಯ ಸಾಲಿನವರೆಗೂ ಬಂದರು. ಅಪ್ಪನ ಕೈ ಹಿಡಿದು ಹೇಳಬೇಕಿದ್ದ ಮಾತನ್ನು ಮಗಳ ಕೈ ಹಿಡಿದು ಹೇಳಿದರು.

ಆ ಸಂಜೆ ಯಾರೂ ಬೇಗ ಏಳಲಿಲ್ಲ. ಒಬ್ಬರಿಗೆ ಚಿಕ್ಕಪ್ಪ ನೆನಪಾದರು, ಇನ್ನೊಬ್ಬರಿಗೆ ಅಜ್ಜಿಯ ತಂಗಿ. ನರ್ಸಮ್ಮನ ತಮ್ಮನೂ ಸೇರಿ ಆರು ಹೆಸರು ಸಿಕ್ಕಿದವು. ಉಳಿದ ಮೂವರು ಪರವೂರಿನವರು. ಅವರು ಯಾರೆಂದು ಗೊತ್ತಿದ್ದವರು ಒಬ್ಬರೇ.

ಆ ಒಂಬತ್ತು ಜನರ ನೆನಪಿಗೆ ಸಂಘ ಹಾಕಿಸಿದ ಬೋರ್ಡು ಬರೆದವನು ಟೈಲರಕ್ಕನ ಗಂಡ. ಒಂಬತ್ತು ಸಾಲಿಗೆ ಗೆರೆ ಹಾಕಿದ. ಆರು ಸಾಲಿನಲ್ಲಿ ಹೆಸರು ಬರೆದ. ಏಳನೆಯದರಲ್ಲಿ, ಹೆಂಡತಿ ಹೇಳಿದಂತೆ, "ಪೊರಕೆ ಮಾರುತ್ತಿದ್ದ ತಾಯಿ, ಮಗಳ ಬಾಣಂತನಕ್ಕೆ ಹೊರಟಿದ್ದವರು" ಎಂದು ಬರೆದ. ಆಮೇಲೆ ಕುಂಚ ಹಿಡಿದುಕೊಂಡೇ ಕೂತ.

"ಇನ್ನೆರಡು ಸಾಲು ಏನ್ಮಾಡ್ಲಿ? ಖಾಲಿ ಬಿಟ್ರೆ ಕೆಲಸ ಅರ್ಧಕ್ಕೇ ಬಿಟ್ಟ ಅಂತ ಜನ ನಗ್ತಾರೆ."

"ಬಿಡಿ," ಎಂದಳು ಅವಳು. "ಅರ್ಧಕ್ಕೇ ಬಿಟ್ಟಿದ್ದು ನಾನಲ್ವಾ."

ಬೋರ್ಡು ಈಗ ಹಳೇ ದೋಣಿ ಮೆಟ್ಟಿಲ ಪಕ್ಕದಲ್ಲಿದೆ. ಟೈಲರಕ್ಕ ತಿಂಗಳ ಎರಡನೇ ಭಾನುವಾರ ಅಂಗಡಿ ತೆಗೆಯುವುದಿಲ್ಲ. ಬೀದಿಯ ವಯಸ್ಸಾದವರನ್ನು ಕೈಹಿಡಿದು ಮಹಡಿ ಹತ್ತಿಸುತ್ತಾಳೆ. ಹತ್ತಲಾಗದವರ ಮನೆಗೆ ಲೈಬ್ರರಿ ಅಕ್ಕನ ಜೊತೆ ತಾನೇ ಹೋಗುತ್ತಾಳೆ. ಗಂಡ ಚೀಟಿ ಹಂಚುತ್ತಾನೆ.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಕಿಟಕಿ ಪಕ್ಕ ಒಂದು ಕುರ್ಚಿ ಇರಬಹುದು. ಅದರಲ್ಲಿ ಕೂತವರನ್ನು ಬರುವ ಎರಡನೇ ಭಾನುವಾರ ಲೈಬ್ರರಿ ಮಹಡಿಗೆ ಕರೆದುಕೊಂಡು ಬನ್ನಿ. ಬರಲಾಗದಿದ್ದರೆ ಹೇಳಿ ಕಳಿಸಿ, ಇತಿಹಾಸ ಸಂಘದ ನಾವೇ ಮನೆಗೆ ಬರುತ್ತೇವೆ. ಹಳೇ ಡಬ್ಬಿ, ಹಳೇ ಕಾಗದ, ಹಳೇ ಫೋಟೋ ಯಾವುದನ್ನೂ ಕೇಳದೆ ಎಸೆಯಬೇಡಿ. ಆ ದೋಣಿಯಲ್ಲಿ ಹೋಗಿ ಮನೆಗೆ ಮರಳದವರ ಸುದ್ದಿ ನಿಮ್ಮ ಮನೆಯ ಹಿರಿಯರು ಯಾರಾದರೂ ಬಲ್ಲರೇ, ಕೇಳಿ ನೋಡಿ. ಎರಡು ಸಾಲು ಇನ್ನೂ ಖಾಲಿ ಇವೆ.

ಮತ್ತೆ ಅವರು ಕುರ್ಚಿ ಎಳೆದುಕೊಂಡು ನಿಮ್ಮ ಪಕ್ಕ ಬಂದು ಕೂತರೆ, ದಯವಿಟ್ಟು, ಕೈಯಲ್ಲಿರುವ ಕೆಲಸ ನಿಲ್ಲಿಸಿ.