ಮೀನು ಬಾಯಿ ತೆರೆದ ಬೆಳಗು

ರಂಜಿತಳ ಫೋನು ಬಂದಾಗ ನಾನು ಕಾಫಿಗೆ ಹಾಲು ಕಾಯಿಸುತ್ತಿದ್ದೆ. "ಮಿಸ್, ಮೀನೆಲ್ಲ ಮೇಲ್ ಬಂದು ಬಾಯ್ ಬಾಯ್ ಬುಡ್ತಾವೆ. ಬೇಗ ಬನ್ನಿ," ಎಂದು ಹೇಳಿ ಇಟ್ಟುಬಿಟ್ಟಳು. ಒಲೆ ಆರಿಸಿ, ಸ್ಕೂಟರು ತೆಗೆದು ಪಾಂಡವಪುರದಿಂದ ಕ್ಯಾತನಹಳ್ಳಿ ಕಡೆಗೆ ಓಡಿಸಿದೆ. ದಾರಿಯುದ್ದಕ್ಕೂ ಮೋಡ ಕವಿದಿತ್ತು, ಕಬ್ಬಿನ ಗರಿ ಕೂಡ ಅಲುಗುತ್ತಿರಲಿಲ್ಲ. ಇಂಥ ಮಂಕು ಹವೆ ಕಂಡರೆ ನನಗೆ ಮೊದಲೇ ಸಿಟ್ಟು, ಅವತ್ತು ಹೆದರಿಕೆಯೂ ಸೇರಿಕೊಂಡಿತು.

ನಾನು ಪ್ರಮೀಳಾ, ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಮುಂದೇನು ಓದುತ್ತೀರಿ ಅಂತ ಪ್ರತಿ ವರ್ಷ ಕೇಳುತ್ತೇನೆ. ಡಾಕ್ಟರು, ಇಂಜಿನಿಯರು, ಆಗದಿದ್ದರೆ ನರ್ಸು ಅನ್ನುತ್ತಾರೆ. ಶ್ರೀರಂಗಪಟ್ಟಣದಲ್ಲಿ ಹೊಳೆ, ಮನೆ ಮುಂದೆ ನಾಲೆ, ಊರಿಗೊಂದು ಕೆರೆ ಇದ್ದೂ ಆ ನೀರೊಳಗೆ ಏನು ನಡೆಯುತ್ತದೆ ಎಂದು ಓದುವವರು ಒಬ್ಬರೂ ಇಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿ. ಹೋದ ವರ್ಷ ಇಬ್ಬರು ಹುಡುಗಿಯರು ನನ್ನ ಮಾತಿಗೆ ಕಿವಿಗೊಟ್ಟರು. ಒಬ್ಬಳು ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವ ನಾಗರಾಜು ಅವರ ಮಗಳು ರಂಜಿತ. ಇನ್ನೊಬ್ಬಳು ಅದೇ ಊರಿನ ಕಾಲನಿಯ ನಿಂಗಯ್ಯನ ಮಗಳು ಯಶೋಧ. ಮಂಗಳೂರಿನಲ್ಲಿ ಮೀನುಗಾರಿಕೆ ಡಿಗ್ರಿ ಓದುತ್ತೇವೆ ಎಂದು ಇಬ್ಬರೂ ಹಟ ಹಿಡಿದರು.

ನಾಗರಾಜು ನಕ್ಕುಬಿಟ್ಟಿದ್ದರು. ಮೀನು ತಿನ್ನುವುದಕ್ಕೆ ಆ ಮನೆಯವರಿಗೆ ನಾಚಿಕೆಯಿಲ್ಲ, ಓದುವುದಕ್ಕೆ ಮಾತ್ರ ನಾಚಿಕೆ. ಕೊನೆಗೆ ನನ್ನ ಕಾಟ ತಾಳಲಾರದೆ ಒಂದು ಷರತ್ತು ಹಾಕಿದರು. ತೋಟದ ಮನೆ ಹಿಂದಿನ ಹೊಂಡದಲ್ಲಿ ಈ ಹುಡುಗಿಯರು ಮೀನು ಸಾಕಲಿ. ಬದುಕಿಸಿ ಮಾರಿದರೆ ಮಗಳನ್ನು ಕಳಿಸುತ್ತೇನೆ, ಸತ್ತರೆ ಆ ಮಾತನ್ನೇ ಎತ್ತಬಾರದು ಎಂದರು. ನಿಂಗಯ್ಯನೂ ಒಂದು ಮಾತು ಸೇರಿಸಿದ. ಜೊತೆಗೆ ರಂಜಿತ ಹೋದರೆ ಸರಿ, ಮಗಳನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸುವುದಿಲ್ಲ ಎಂದ. ಹಾಗಾಗಿ ಇಬ್ಬರ ಓದೂ ಆ ಹೊಂಡದ ಮೀನಿನ ಬಾಲಕ್ಕೆ ಗಂಟು ಬಿದ್ದಿತ್ತು.

ನಾಗರಾಜು ಅವರ ತಾಯಿ ಚಿಕ್ಕಬೋರಮ್ಮನದು ಮತ್ತೊಂದು ಕಟ್ಟಳೆ. ಹೊಂಡದ ನೀರು ಕೊಟ್ಟಿಗೆಯ ಎಮ್ಮೆಗೆ ಹೋಗುತ್ತದೆ, ಆದ್ದರಿಂದ ಯಶೋಧ ನೀರಿಗೆ ಇಳಿಯಬಾರದು. ಎಮ್ಮೆಗೆ ಈ ಮಡಿ ಮೈಲಿಗೆ ಯಾರು ಕಲಿಸಿದರೋ ದೇವರೇ ಬಲ್ಲ. ವರ್ಷವಿಡೀ ಯಶೋಧ ದಡದಲ್ಲೇ ನಿಂತು ತೌಡು ಕಲಸಿದಳು, ನೀರಿನ ಬಣ್ಣ ನೋಡಿ ಹೇಳಿದಳು, ಬಲೆ ಹೆಣೆದಳು. ನಾಲೆಯಲ್ಲಿ ಈಜು ಕಲಿತವಳು ಅವಳು. ನೀರಿಗೆ ಇಳಿಯುತ್ತಿದ್ದುದು ಈಜು ಬಾರದ ರಂಜಿತ, ಅದೂ ಅಂಚಿನಲ್ಲಿ ಮಾತ್ರ.

ನಾನು ತಲುಪಿದಾಗ ಹೊಂಡದ ತುಂಬ ಬಾಯಿಗಳೇ ಕಂಡವು. ಕಾಟ್ಲಾ, ರೋಹು ಎಲ್ಲವೂ ಮೇಲೆ ಬಂದು ಗುಳುಂ ಗುಳುಂ ಎಂದು ಗಾಳಿ ನುಂಗುತ್ತಿದ್ದವು. ದಡದಲ್ಲಿ ಚಿಕ್ಕಬೋರಮ್ಮ ಖಾಲಿ ಮಂಕರಿ ಹಿಡಿದು ನಿಂತಿದ್ದರು. ಹಿಂದಿನ ಎರಡು ದಿನ ಹುಡುಗಿಯರು ನನ್ನ ಜೊತೆ ಮೈಸೂರಿನ ಒಂದು ಶಿಬಿರಕ್ಕೆ ಬಂದಿದ್ದರು. ಆಗ ಹೊಂಡ ನೋಡಿಕೊಂಡಿದ್ದು ಈ ಅಜ್ಜಿ. ಮೊದಲ ದಿನ ಬೆಳಿಗ್ಗೆ ಮೀನು ಬಾಯಿ ತೆರೆದುಕೊಂಡು ಬಂದವಂತೆ, ಪಾಪ ಹಸಿದಿವೆ ಎಂದು ಮಂಕರಿಗಟ್ಟಲೆ ಸಗಣಿ, ತೌಡು ಸುರಿದರಂತೆ. ಮಾರನೆಯ ದಿನ ಇನ್ನೂ ಹೆಚ್ಚು ಬಂದವಂತೆ, ಇವರು ಇನ್ನೂ ಹೆಚ್ಚು ಸುರಿದರಂತೆ. ಇವತ್ತೂ ಈಗತಾನೇ ಸುರಿದಿದ್ದರು.

"ಅವು ಹಸ್ದಿಲ್ಲ ಕಣಜ್ಜಿ, ಉಸ್ರು ಕಟ್ತಾ ಅದೆ," ಎಂದು ರಂಜಿತ ಅಳುತ್ತಿದ್ದಳು. ಬಿಸಿಲಿಲ್ಲದೆ ನೀರಿನಲ್ಲಿ ಮೊದಲೇ ಗಾಳಿ ಕಡಿಮೆ, ಸಗಣಿ ಕೊಳೆತು ಉಳಿದದ್ದನ್ನೂ ಎಳೆದುಕೊಂಡಿತ್ತು.

ನೀರನ್ನು ಎತ್ತಿ ಮತ್ತೆ ಹೊಂಡಕ್ಕೇ ಸುರಿದರೆ ಗಾಳಿ ಬೆರೆಯುತ್ತಿತ್ತು. ಆದರೆ ಮೋಟರಿಗೆ ಕರೆಂಟು ಬರುವುದು ಬಿಸಿಲೇರಿದ ಮೇಲೆ. ಡೀಸೆಲ್ ಇಂಜಿನ್ನನ್ನು ನಾಗರಾಜು ಅವರ ಭಾವಮೈದ ತೆಂಗಿಗೆ ನೀರು ಹಾಯಿಸಲು ನಾಗಮಂಗಲಕ್ಕೆ ಒಯ್ದಿದ್ದ. ಉಳಿದದ್ದು ಒಂದೇ ದಾರಿ, ಜನ ನೀರಿಗಿಳಿದು ಬಡಿಯಬೇಕು, ಕಲಕಬೇಕು. ರಂಜಿತ ತೆಂಗಿನ ಗರಿ ಹಿಡಿದು ಅಂಚಿನಲ್ಲಿ ಬಡಿಯತೊಡಗಿದಳು. ನಾಗರಾಜು ಪಂಚೆ ಎತ್ತಿ ಕಟ್ಟಿ ಎದೆಮಟ್ಟ ಇಳಿದರು. ಅವರಿಗೂ ಈಜು ಬಾರದು. ಮೀನೆಲ್ಲ ಇದ್ದುದು ನಡುವೆ, ಆಳದ ಮೇಲೆ.

ಯಶೋಧ ಓಡುತ್ತಾ ಬಂದಳು. ಒಂದೇ ನೋಟಕ್ಕೆ ಎಲ್ಲ ಅರ್ಥವಾಗಿರಬೇಕು, ಚಪ್ಪಲಿ ಬಿಟ್ಟು ವೇಲು ಸೊಂಟಕ್ಕೆ ಬಿಗಿದು ಸೀದಾ ಹೊಂಡದ ಕಡೆ ನುಗ್ಗಿದಳು.

"ಏಯ್, ನಿಂತ್ಕ. ನೀರಿಗ್ ಇಳೀಬ್ಯಾಡ," ಎಂದರು ಚಿಕ್ಕಬೋರಮ್ಮ.

ಯೋಚಿಸಿ ಆಡಿದ ಮಾತಲ್ಲ, ವರ್ಷದ ಅಭ್ಯಾಸ ಬಾಯಿಗೆ ಬಂದಿತ್ತು ಅಷ್ಟೆ. ಯಶೋಧ ನೀರಿನ ಅಂಚಿಗೆ ಬಂದು ನಿಂತುಬಿಟ್ಟಳು.

ನಾಗರಾಜು ನೀರಿನಿಂದಲೇ ಕೂಗಿದರು, ಅವ್ವನ ಮಾತು ಬಿಡು, ಇಳಿ ಎಂದು. ಅವಳು ಕದಲಲಿಲ್ಲ. ರಂಜಿತ ಬೇಡಿಕೊಂಡಳು. ನನಗೆ ತಲೆ ಕೆಟ್ಟಿತು. ಮೀನಿನ ಜೊತೆ ನಿನ್ನ ಓದೂ ಸಾಯುತ್ತದೆ, ಇದೇನು ಜಂಬ ತೋರಿಸುವ ಹೊತ್ತೇ ಎಂದು ಬೈದೆ. ಅವಳ ಕಣ್ಣು ಹೊಂಡದ ಮೇಲೇ ಇತ್ತು.

"ಗೊತ್ತು ಮಿಸ್. ಬ್ಯಾಡ ಅಂದೋರೇ ಕರೀಲಿ."

ರಂಜಿತ ಗರಿಯಲ್ಲಿ ನೀರು ಬಡಿಯುತ್ತಲೇ ಇದ್ದಳು. ಚಿಕ್ಕಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಬ್ಬಿನ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಒಂದು ದೊಡ್ಡ ಕಾಟ್ಲಾ ತೇಲುತ್ತಾ ಅವರ ಕಾಲ ಬಳಿಗೇ ಬಂದು ಮಗ್ಗುಲಾಯಿತು. ತೆರೆದ ಬಾಯಿ ಮುಚ್ಚಲಿಲ್ಲ. ಅದರ ಹಿಂದೆ ಇನ್ನೊಂದು ಹೊಟ್ಟೆ ಮೇಲಾಗಿ ತೇಲಿತು. ಮೂರು ದಿನದಿಂದ ಕೈಯಾರೆ ತೌಡು ಹಾಕಿದ ಮೀನುಗಳು ಅವು. ಅಜ್ಜಿ ಬಗ್ಗಿ ಒಂದನ್ನು ಮುಟ್ಟಿ ನೋಡಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು.

"ಯಶೋಧ, ಇಳಿಯವ್ವ. ನಾನೇ ಯೋಳ್ತಿವ್ನಿ."

ಮಾತು ಮುಗಿಯುವ ಮೊದಲೇ ಅವಳು ನೀರಲ್ಲಿದ್ದಳು. ನಡುವಿಗೆ ಈಜಿ ಹೋಗಿ ಕೈಕಾಲು ಬಡಿದಳು, ಮುಳುಗಿದಳು, ಎದ್ದಳು, ಇಡೀ ಹೊಂಡವನ್ನು ಕಡೆದುಬಿಟ್ಟಳು. ನನ್ನ ತಮ್ಮ ತಿಮ್ಮೇಶನನ್ನು ಕರೆಸಿ ಎಂದು ಅಲ್ಲಿಂದಲೇ ಕಿರುಚಿದಳು. ನಾನು ಫೋನು ಮಾಡಿದೆ. ಅವನು ಕಾಲನಿಯ ಗೆಳೆಯರನ್ನು ಕರೆದುಕೊಂಡು ಬಂದ. ಈ ಸಲ ಯಾರೂ ಯಾರನ್ನೂ ಕೇಳಲಿಲ್ಲ, ಎಲ್ಲರೂ ಧುಮುಕಿದರು. ಕರೆಂಟು ಬಂದು ಮೋಟರು ನೀರು ಚಿಮ್ಮಿಸುವವರೆಗೂ ಯಾರ ಕೈಯೂ ನಿಲ್ಲಲಿಲ್ಲ.

ಬಾಯಿಗಳು ಒಂದೊಂದಾಗಿ ಕೆಳಗಿಳಿದವು. ಮೀನು ಬಹುಪಾಲು ಉಳಿಯಿತು. ಆದರೆ ದೊಡ್ಡ ಕಾಟ್ಲಾಗಳು ಸುಮಾರು ಸತ್ತು ತೇಲುತ್ತಿದ್ದವು. ಮರುದಿನ ಬೆಳ್ಳೂರು ಕ್ರಾಸಿನ ಹೋಟೆಲಿನವರು ಕೊಳ್ಳಲು ಬರುವುದಿತ್ತು, ಅವರಿಗೆ ಬೇಕಿದ್ದದ್ದು ಇವೇ.

ನಾಗರಾಜು ದಡಕ್ಕೆ ಬಂದು ಪಂಚೆ ಹಿಂಡಿಕೊಂಡರು. "ಸತ್ತೋದ್ವಲ್ಲ ಮೇಡಂ. ಮಾತು ಅಂದ್ರೆ ಮಾತೇಯ," ಎಂದರು. ರಂಜಿತಳ ಕೈಯಿಂದ ಗರಿ ಜಾರಿತು. ನಾನು ಜಗಳಕ್ಕೆ ಬಾಯಿ ತೆರೆಯುವುದರಲ್ಲಿದ್ದೆ, ಚಿಕ್ಕಬೋರಮ್ಮ ಮುಂದೆ ಬಂದರು.

"ಸಾಯ್ಸ್ದೋಳು ನಾನು ಕಣ್ಲಾ. ಉಳ್ಸಿದ್ದು ಈ ಐಕ್ಳು. ನನ್ ತಪ್ಪಿಗೆ ಅವ್ರ ಓದು ನಿಲ್ಸ್ತೀಯಾ?"

ನಾಗರಾಜು ತಾಯಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಹಿಂಡಿದ ಪಂಚೆ ಕೊಡವಿಕೊಂಡು, "ಓಗ್ಲಿ ಬುಡು," ಎಂದರು.

ರಂಜಿತ ಅಲ್ಲೇ ಕುಸಿದು ಕೂತು ಅತ್ತಳು. ನನಗೂ ಕಣ್ಣು ತುಂಬಿತು, ಮುಚ್ಚಿಡಲಿಲ್ಲ. ಯಶೋಧ ಮಾತ್ರ ಇನ್ನೂ ಸೊಂಟಮಟ್ಟ ನೀರಲ್ಲಿ ನಿಂತು ಸತ್ತ ಮೀನು ಆರಿಸುತ್ತಿದ್ದಳು. ಅಜ್ಜಿ ಕೊಟ್ಟಿಗೆಯಿಂದ ಬಕೆಟ್ಟು ತಂದು ಅವಳ ಕಡೆ ಚಾಚಿದರು. ಎಮ್ಮೆಗೆ ಇನ್ನೂ ನೀರಿಟ್ಟಿಲ್ಲ, ನೀರಲ್ಲೇ ಇದ್ದೀಯಲ್ಲ, ಮೋಟರಿನ ಪೈಪಿಗೆ ಹಿಡಿದು ತುಂಬಿಸಿಕೊಡು ಎಂದರು.

ಯಶೋಧ ತುಂಬಿಸಿದಳು, ಆದರೆ ಅಜ್ಜಿಯ ಕೈಗೆ ಕೊಡಲಿಲ್ಲ. "ಭಾರ ಅದೆ ಅಮ್ಮಾವ್ರೆ, ನಾನೇ ತತ್ತೀನಿ," ಎಂದು ಮೇಲೆ ಬಂದು, ವರ್ಷವಿಡೀ ಹತ್ತಿರಕ್ಕೂ ಹೋಗದಿದ್ದ ಕೊಟ್ಟಿಗೆಯ ಕಡೆ ನಡೆದಳು. ಚಿಕ್ಕಬೋರಮ್ಮ ಒಂದು ಗಳಿಗೆ ನಿಂತರು. ಆಮೇಲೆ ಅವಳಿಗಿಂತ ಮುಂದೆ ಹೋಗಿ ಕೊಟ್ಟಿಗೆ ಬಾಗಿಲಿಗೆ ಅಡ್ಡ ಹಾಕಿದ್ದ ಗಳ ಸರಿಸಿದರು. ಯಶೋಧ ಒಳಗೆ ಹೋಗಿ ಬಕೆಟ್ಟು ಇಟ್ಟಳು. ಎಮ್ಮೆ ಮೂತಿ ಅದ್ದಿ ಗೊಳಗೊಳ ಕುಡಿಯಿತು.